ಯೇಸುವಿನ ದೇವತ್ವವೂ ನಮ್ಮ ಹೆಣ್ಣುಮಕ್ಕಳ ಸತ್ಯವೇದ ಪಾಠವೂ



ಶಾಲೆಯ ಚರಿತ್ರೆ, ಪರೀಕ್ಷೆಗಳ ಫಲ, ಆಟೋಟಗಳು, ವಿದ್ಯಾರ್ಥಿನಿಲಯ ಇವುಗಳ ವಿಷಯವಾಗಿ ಈ ಸ್ಮರಣ ಸಂಚಿಕೆಯಲ್ಲಿ ಇತರರು ಬರೆದಿರುವರು. ನಾವಾದರೋ ಒಂದು ಪ್ರಶ್ನೆಯನ್ನು ಎತ್ತಿಕೊಂಡು ನಮ್ಮ ಅಭಿಪ್ರಾಯವನ್ನು ತಮಗೆ ಅರಿಕೆಮಾಡಲು ಇಚ್ಛಿಸುತ್ತೇವೆ. ಯೇಸು ಕ್ರಿಸ್ತನು ದೇವರೆಂದು ಸತ್ಯವೇದವು ಹೇಳುತ್ತದೆಯೋ, ಹೇಳುವದಾದರೆ ಎಲ್ಲಿ ಹೇಳುತ್ತದೆ, ಹೇಗೆ ಹೇಳುತ್ತದೆ ಎಂಬದೇ ಆ ಪ್ರಶ್ನೆ.

ಇದು ಪಂಡಿತರಿಗೆ ಬಿಟ್ಟ ವಿಷಯವೆಂದು ಯಾರೂ ತಳ್ಳಿಹಾಕಬಾರದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಲ್ಲಿ ಕ್ರೈಸ್ತರ ಮನೆಗಳು ವಿರಳ. ಅಲ್ಲಿ ಸಂಸಾರ ಹೂಡಿರುವ ನಮ್ಮ ಹುಡುಗಿಯರನ್ನು ಈ ಪ್ರಶ್ನೆಯು ಬಾಗಲಿಗೇ ಬಂದು ಕೇಳುತ್ತದೆ. ನೆರೆಮನೆಯ ಮುಸಲ್ಮಾನ ಗೆಳತಿಯು, ಮರಿಯಮ್ಮನ ಮಗನಾದ ಈಸಾನನ್ನು ನಾವೂ ಪ್ರವಾದಿಯೆಂದು ಗೌರವಿಸುತ್ತೇವೆ, ದೇವರೆಂದು ಮಾತ್ರ ಹೇಗೆ ಹೇಳೋಣ ಎನ್ನುವಳು. ಯೆಹೋವನ ಸಾಕ್ಷಿಗಳೆಂಬವರು ಇಬ್ಬಿಬ್ಬರಾಗಿ ಬಂದು, ಯೇಸು ದೇವರ ಮೊದಲನೆಯ ಸೃಷ್ಟಿಯೇ ಹೊರತು ಸರ್ವಶಕ್ತನಾದ ದೇವರಲ್ಲವೆಂದು ವಚನಗಳನ್ನು ತೆಗೆದು ತೋರಿಸುವರು. ಇದಕ್ಕೆ ತೀರ ಎದುರಾಗಿ, ತಂದೆಯೂ ಯೇಸುವೂ ಒಬ್ಬನೇ ವ್ಯಕ್ತಿಯೆಂದೂ, ಯೇಸುವಿನ ನಾಮ ಒಂದರಲ್ಲಿಯೇ ತಿರಿಗಿ ದೀಕ್ಷಾಸ್ನಾನ ಹೊಂದಬೇಕೆಂದೂ ಬೋಧಿಸುವ ಸಭೆಗಳುಂಟು. ಈ ವಾದಗಳ ನಿಮಿತ್ತ ಅಣ್ಣನು ತಂಗಿಯ ಮನೆಯ ಕ್ರಿಸ್ಮಸ್ ಊಟಕ್ಕೆ ಬರಲೊಲ್ಲನೆಂದೂ, ಸೊಸೆಯು ಅತ್ತೆಯ ಸಂಗಡ ಕರ್ತನ ಭೋಜನಕ್ಕೆ ಹೋಗಲೊಲ್ಲಳೆಂದೂ ಕೇಳುವಾಗ ನಮಗೆ ದುಃಖವಾಗುತ್ತದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಯೇಸು ಕ್ರಿಸ್ತನು ನಿಜದೇವರೂ ನಿಜಮನುಷ್ಯನೂ ಆಗಿದ್ದಾನೆಂದು ನಾವು ನಂಬುತ್ತೇವೆ. ಆದರೆ ಈ ನಂಬಿಕೆಗೆ ಅನುಕೂಲವಾದ ವಚನಗಳನ್ನು ಮಾತ್ರ ಹೆಕ್ಕಿ ಹುಡುಗಿಯರಿಗೆ ಬಾಯಿಪಾಠ ಮಾಡಿಸುವದು ತಪ್ಪು. ಪ್ರತಿಕೂಲವಾಗಿ ತೋರುವವುಗಳನ್ನೂ ಅವರ ಮುಂದೆ ಇಟ್ಟು, ಅಧ್ಯಾಯವನ್ನು ಪೂರ್ತಿಯಾಗಿ ಓದಿಸಬೇಕು. ಬಲಹೀನವಾದ ಆಧಾರವನ್ನು ನಾವೇ ಕೈಬಿಡಬೇಕು. ಶಾಲೆಯಲ್ಲಿ ಮುಚ್ಚಿಟ್ಟ ವಚನವನ್ನು ಮನೆಬಾಗಲಿನಲ್ಲಿ ಬೇರೊಬ್ಬರು ತೆರೆದು ತೋರಿಸಿದಾಗ, ಹುಡುಗಿಯು ಆ ಒಂದು ವಚನದ ವಿಷಯದಲ್ಲಿ ಮಾತ್ರವಲ್ಲ, ತನಗೆ ಕಲಿಸಿದವರೆಲ್ಲರ ವಿಷಯದಲ್ಲಿಯೂ ಸಂದೇಹಪಡುವಳು.

ಬಲಹೀನವಾದ ಆಧಾರಕ್ಕೆ ಒಂದು ದೃಷ್ಟಾಂತ ಕೊಡುತ್ತೇವೆ. ಯೋಹಾನನ ಮೊದಲನೆಯ ಪತ್ರಿಕೆಯ ೫ನೆಯ ಅಧ್ಯಾಯದ ೭ನೆಯ ವಚನದಲ್ಲಿ, ತಂದೆ, ವಾಕ್ಯ, ಪವಿತ್ರಾತ್ಮ ಎಂಬ ಮೂವರು ಪರಲೋಕದಲ್ಲಿ ಸಾಕ್ಷಿ ಹೇಳುವರೆಂಬ ಮಾತು ೧೬೧೧ರ ಇಂಗ್ಲಿಷ್ ಸತ್ಯವೇದದಲ್ಲಿಯೂ ಅದನ್ನು ಅನುಸರಿಸಿದ ಪ್ರತಿಗಳಲ್ಲಿಯೂ ಇರುತ್ತದೆ. ತ್ರಯೈಕ್ಯವನ್ನು ಸ್ಥಾಪಿಸಲು ಇದಕ್ಕಿಂತ ಸ್ಪಷ್ಟವಾದ ವಚನವಿಲ್ಲವೆಂದು ಹಿಂದಿನವರು ಎಣಿಸಿದ್ದರು. ಆದರೆ ಪುರಾತನ ಗ್ರೀಕ್ ಹಸ್ತಪ್ರತಿಗಳಲ್ಲಿ ಆ ಮಾತು ಇಲ್ಲ. ಎರಾಸ್ಮಸನು ೧೫೧೬ರಲ್ಲಿಯೂ ೧೫೧೯ರಲ್ಲಿಯೂ ಅಚ್ಚುಮಾಡಿಸಿದ ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಅದನ್ನು ಸೇರಿಸಲಿಲ್ಲ. ೧೫೨೨ರ ಮೂರನೆಯ ಮುದ್ರಣದಲ್ಲಿ ಸೇರಿಸಿದನು. ಗುರುತ್ವಾಕರ್ಷಣದ ನಿಯಮವನ್ನು ತಿಳಿಸಿದ ಐಸಾಕ್ ನ್ಯೂಟನನು ೧೬೯೦ರಲ್ಲಿಯೇ ಈ ಮಾತು ನಂತರ ಸೇರಿದ್ದೆಂದು ಬರೆದಿಟ್ಟನು. ೧೮೮೧ರ ಇಂಗ್ಲಿಷ್ ಪರಿಷ್ಕರಣದಲ್ಲಿ, ತ್ರಯೈಕ್ಯವನ್ನು ನಂಬಿದ ಪಂಡಿತರೇ ಅದನ್ನು ಬಿಟ್ಟುಬಿಟ್ಟರು. ನಮ್ಮ ಸಭೆಗಳಲ್ಲಿ ಓದುವ ಕನ್ನಡ ಸತ್ಯವೇದದಲ್ಲಿಯೂ ಆತ್ಮ, ನೀರು, ರಕ್ತ ಎಂಬ ಮೂರು ಸಾಕ್ಷಿಗಳು ಮಾತ್ರ ಇರುತ್ತವೆ. ಆ ವಚನವು ಹೋದದ್ದರಿಂದ ನಮ್ಮ ನಂಬಿಕೆಯು ಬೀಳಲಿಲ್ಲ. ತೂತುಬಿದ್ದ ಕೊಡವನ್ನು ಹೊತ್ತು ಬಾವಿಗೆ ಹೋಗುವದಕ್ಕಿಂತ ಅದನ್ನು ಮನೆಯಲ್ಲಿಯೇ ಬಿಟ್ಟು ಹೋಗುವದು ಲೇಸು.

ಇನ್ನು ಎರಡೂ ಬಗೆಯ ವಚನಗಳನ್ನು ಜೊತೆಯಾಗಿ ನೋಡೋಣ. ಒಳ್ಳೆಯವನೆಂದು ತನ್ನನ್ನು ಕರೆದವನಿಗೆ, ದೇವರೊಬ್ಬನೇ ಹೊರತು ಒಳ್ಳೆಯವನಿಲ್ಲವೆಂದು ಯೇಸು ಉತ್ತರಕೊಟ್ಟನು; ಅಂತ್ಯದಿನವನ್ನು ಮಗನೂ ಅರಿಯನೆಂದನು. ಇವು ಮಾರ್ಕನ ಸುವಾರ್ತೆಯ ೧೦ನೆಯ ಮತ್ತು ೧೩ನೆಯ ಅಧ್ಯಾಯಗಳಲ್ಲಿವೆ. ಅದೇ ಸುವಾರ್ತೆಯ ೨ನೆಯ ಅಧ್ಯಾಯದಲ್ಲಿ ಆತನು ಪಾರ್ಶ್ವವಾಯು ರೋಗಿಯ ಪಾಪಗಳನ್ನು ಕ್ಷಮಿಸಲು, ದೇವರೊಬ್ಬನೇ ಹೊರತು ಯಾರು ಕ್ಷಮಿಸಬಲ್ಲರೆಂದು ಶಾಸ್ತ್ರಿಗಳು ಮನಸ್ಸಿನಲ್ಲಿ ಅಂದುಕೊಂಡರು. ತಂದೆಯು ತನಗಿಂತ ದೊಡ್ಡವನೆಂಬ ಮಾತು ಯೋಹಾನನ ೧೪ನೆಯ ಅಧ್ಯಾಯದಲ್ಲಿದೆ. ತೋಮನು ಎದ್ದುಬಂದ ಯೇಸುವನ್ನು ಕಂಡು ಕರ್ತನೆಂದೂ ದೇವರೆಂದೂ ಕರೆದದ್ದು, ಯೇಸು ಅದನ್ನು ಖಂಡಿಸದೆ ಇದ್ದದ್ದು ೨೦ನೆಯ ಅಧ್ಯಾಯದಲ್ಲಿದೆ. ಒಂದು ಬಗೆಯ ವಚನಗಳು ಒಂದು ಪಕ್ಷದವರ ಪುಸ್ತಕದಲ್ಲಿಯೂ, ಇನ್ನೊಂದು ಬಗೆಯವು ಮತ್ತೊಂದು ಪಕ್ಷದವರ ಪುಸ್ತಕದಲ್ಲಿಯೂ ಇಲ್ಲ. ಎರಡೂ ಒಬ್ಬನೇ ಲೇಖಕನ ಕೈಯಿಂದ ಬಂದಿವೆ. ಅವನು ಮರೆಮಾಡದೆ ಇದ್ದದ್ದನ್ನು ನಾವು ಯಾಕೆ ಮರೆಮಾಡಬೇಕು?

ಕನ್ನಡದಲ್ಲಿ ಓದುವವರು ಮನಸ್ಸಿನಲ್ಲಿ ಇಡಬೇಕಾದ ಸಂಗತಿಗಳು ಕೆಲವುಂಟು. ಯೋಹಾನನ ಮೊದಲನೆಯ ವಚನದಲ್ಲಿ ವಾಕ್ಯವನ್ನು ದೇವರೆಂದು ಕರೆದಿರುವಲ್ಲಿ ಗ್ರೀಕಿನ ಆರ್ಟಿಕಲ್ ಇಲ್ಲವೆಂದೂ, ಆದಕಾರಣ ಅದನ್ನು ಒಬ್ಬ ದೇವರೆಂದು ಅರ್ಥಮಾಡಬೇಕೆಂದೂ ಯೆಹೋವನ ಸಾಕ್ಷಿಗಳು ವಾದಿಸುವರು. ಅವರು ೧೯೫೦ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಭಾಷಾಂತರದಲ್ಲಿ ಹಾಗೆಯೇ ಬರೆದು, ದೇವರೆಂಬ ಪದಕ್ಕೆ ಚಿಕ್ಕಕ್ಷರವನ್ನು ಹಾಕಿದರು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳೆಂಬ ಭೇದವಿಲ್ಲ. ನಮ್ಮ ವ್ಯಾಕರಣದಲ್ಲಿ ಆರ್ಟಿಕಲ್ ಎಂಬದೂ ಇಲ್ಲ. ಹೀಗಿರಲಾಗಿ ಈ ವಾದವನ್ನು ಕನ್ನಡ ಪುಸ್ತಕದಿಂದ ಸ್ಥಾಪಿಸುವದೂ ಆಗದು, ಖಂಡಿಸುವದೂ ಆಗದು. ಗ್ರೀಕನ್ನು ನೋಡಿದರೆ, ಅದೇ ಅಧ್ಯಾಯದ ೬ನೆಯ, ೧೨ನೆಯ ಮತ್ತು ೧೮ನೆಯ ವಚನಗಳಲ್ಲಿಯೂ ದೇವರೆಂಬ ಪದವು ಆರ್ಟಿಕಲ್ ಇಲ್ಲದೆ ಬಂದಿದೆ. ಅಲ್ಲಿ ಅದು ತಂದೆಯಾದ ದೇವರನ್ನೇ ಸೂಚಿಸುವದೆಂದು ಎಲ್ಲರೂ ಒಪ್ಪುವರು. ಆದುದರಿಂದ ಆರ್ಟಿಕಲ್ ಇಲ್ಲದಿರುವದೊಂದೇ ಅವರ ವಾದಕ್ಕೆ ಸಾಲದು.

ಮತ್ತೊಂದು ಸಂಗತಿಯು ನಮ್ಮ ಪಕ್ಷಕ್ಕೆ ಅನುಕೂಲವಾದದ್ದು. ಆದರೆ ಕನ್ನಡದಲ್ಲಿ ಅದು ಕಣ್ಣಿಗೆ ಬೀಳದು. ನಮ್ಮ ಹಳೆಯ ಒಡಂಬಡಿಕೆಯಲ್ಲಿ ಯೆಹೋವನೆಂದು ಇರುವಲ್ಲಿ, ಅಪೊಸ್ತಲರ ಕಾಲದಲ್ಲಿ ಓದುತ್ತಿದ್ದ ಗ್ರೀಕ್ ಭಾಷಾಂತರದಲ್ಲಿ ಕರ್ತನೆಂಬ ಅರ್ಥದ ಪದವನ್ನು ಓದುತ್ತಿದ್ದರು. ಯೋವೇಲನ ೨ನೆಯ ಅಧ್ಯಾಯದಲ್ಲಿ ಯೆಹೋವನ ನಾಮವನ್ನು ಹೇಳಿಕೊಳ್ಳುವವರಿಗೆ ರಕ್ಷಣೆಯುಂಟೆಂದಿದೆ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ೧೦ನೆಯ ಅಧ್ಯಾಯದಲ್ಲಿ ಆ ಮಾತನ್ನೇ ತೆಗೆದುಕೊಂಡು ಯೇಸುವಿಗೆ ಅನ್ವಯಿಸುವನು. ನಮ್ಮ ಪುಸ್ತಕದಲ್ಲಿ ಒಂದು ಕಡೆ ಯೆಹೋವ, ಇನ್ನೊಂದು ಕಡೆ ಕರ್ತ ಎಂದಿರುವ ಕಾರಣ, ಓದುವವಳು ಎರಡನ್ನೂ ಕೂಡಿಸಿ ನೋಡುವದಿಲ್ಲ. ಹಾಗೆಯೇ ಎಲ್ಲರ ಮೊಣಕಾಲುಗಳೂ ತನಗೆ ಬೊಗ್ಗುವವೆಂದು ಯೆಶಾಯನ ೪೫ನೆಯ ಅಧ್ಯಾಯದಲ್ಲಿ ದೇವರು ತನ್ನ ವಿಷಯವಾಗಿ ಹೇಳಿರುವದನ್ನು, ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ೨ನೆಯ ಅಧ್ಯಾಯದಲ್ಲಿ ಯೇಸುವಿನ ವಿಷಯವಾಗಿ ಹೇಳಿದೆ. ಹೆಕ್ಕಿ ತೆಗೆದ ಹತ್ತು ವಚನಗಳಿಗಿಂತ ಈ ಎರಡು ಸ್ಥಳಗಳನ್ನು ಹಳೆಯ ಒಡಂಬಡಿಕೆಯ ಪಕ್ಕದಲ್ಲಿ ಇಟ್ಟು ಓದುವದರಿಂದ ಹೆಚ್ಚು ಪ್ರಯೋಜನವೆಂದು ನಮ್ಮ ಎಣಿಕೆ.

ಭಾಷಾಂತರದ ಒಂದು ಸಣ್ಣ ಪದವು ಎಷ್ಟು ದೊಡ್ಡ ಕಲಹಕ್ಕೆ ಕಾರಣವಾಗಬಹುದೆಂಬದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವುಂಟು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು ೧೮೧೦ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಸತ್ಯವೇದದ ಕೆಲಸದಲ್ಲಿ ತೊಡಗಿದ್ದರು. ಅದು ೧೮೩೧ರಲ್ಲಿ ಪೂರ್ತಿಯಾಯಿತು. ಅದೇ ಕಾಲದಲ್ಲಿ ಕಲಕತ್ತೆಯಲ್ಲಿ ರಾಜಾ ರಾಮಮೋಹನ ರಾಯರೂ, ಬಾಪ್ಟಿಸ್ಟ್ ಮಿಷನರಿಗಳಾದ ಯೇಟ್ಸ್ ಮತ್ತು ಆಡಮ್ ಎಂಬವರೂ ಸುವಾರ್ತೆಗಳನ್ನು ಬಂಗಾಳಿಗೆ ಭಾಷಾಂತರಿಸುತ್ತಿದ್ದರು. ಯೋಹಾನನ ಮೊದಲನೆಯ ಅಧ್ಯಾಯದ ೩ನೆಯ ವಚನದಲ್ಲಿ ಸಮಸ್ತವೂ ವಾಕ್ಯದಿಂದ ಉಂಟಾಯಿತೆನ್ನಬೇಕೋ, ವಾಕ್ಯದ ಮೂಲಕ ಉಂಟಾಯಿತೆನ್ನಬೇಕೋ ಎಂದು ಅವರಲ್ಲಿ ವಾದ ಹುಟ್ಟಿತು. ಕುಂಬಾರನಿಂದ ಮಡಕೆಯಾಯಿತು, ಚಕ್ರದಿಂದ ಮಡಕೆಯಾಯಿತು ಎಂದು ನಾವು ಒಂದೇ ಪ್ರತ್ಯಯದಲ್ಲಿ ಎರಡನ್ನೂ ಹೇಳಿಬಿಡುತ್ತೇವೆ. ಕುಂಬಾರನು ಬೇರೆ, ಚಕ್ರವು ಬೇರೆ. ವಾಕ್ಯವು ಸೃಷ್ಟಿಕರ್ತನೋ, ಸೃಷ್ಟಿಗೆ ಸಾಧನವೋ ಎಂಬದೇ ಅವರ ವಾದದ ತಿರುಳು. ಆ ವಾದದ ಕೊನೆಗೆ ೧೮೨೧ರಲ್ಲಿ ಆಡಮನು ತ್ರಯೈಕ್ಯವನ್ನು ಬಿಟ್ಟು ರಾಮಮೋಹನರ ಪಕ್ಷಕ್ಕೆ ಸೇರಿದನು. ಜನರು ಏದೆನಿನ ಆದಾಮನ ಹೆಸರನ್ನು ಹಿಡಿದು ಅವನನ್ನು ಹಾಸ್ಯಮಾಡಿದರು. ರಾಮಮೋಹನರು ಸೇರಾಂಪುರದ ಮಾರ್ಷ್ಮನ್ನರಿಗೆ ಪ್ರತ್ಯುತ್ತರವಾಗಿ ಬರೆದ ಮೂರನೆಯ ಪುಸ್ತಕವನ್ನು ಅಚ್ಚುಮಾಡಲು ಬಾಪ್ಟಿಸ್ಟ್ ಮಿಷನ್ ಮುದ್ರಣಾಲಯದವರು ಒಪ್ಪಲಿಲ್ಲ. ಅವರು ಬೇರೆ ಅಚ್ಚುಕೂಟವನ್ನೇ ಇಟ್ಟು ೧೮೨೩ರಲ್ಲಿ ಪ್ರಕಟಿಸಿದರು. ಮಾರ್ಷ್ಮನ್ನರು ವಚನಗಳಿಂದ ಕೊಟ್ಟ ಉತ್ತರವು ಉತ್ತರವೇ. ಹಾಸ್ಯವೂ ಬಾಗಲು ಮುಚ್ಚುವದೂ ಉತ್ತರವಲ್ಲ. ನಮ್ಮ ಮನೆಗಳಲ್ಲಿಯೂ ಇದನ್ನು ನೆನಪಿನಲ್ಲಿಡಬೇಕು.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಯು ಯೂದಾಯದಲ್ಲಿ ಇದ್ದಂತೆ ಇಲ್ಲವೆಂಬದನ್ನೂ ಹೇಳಬೇಕು. ಇಲ್ಲಿ ಮಗುವಿನ ಪ್ರಾಣ ಉಳಿಸಿದ ಡಾಕ್ಟರನ್ನು ನೀವೇ ನಮ್ಮ ಪಾಲಿನ ದೇವರು ಎನ್ನುವರು. ಮನುಷ್ಯನನ್ನು ದೇವರೆನ್ನುವದು ನಮಗೆ ಸುಲಭ. ತೋಮನಿಗೆ ಅದು ಸುಲಭವಾಗಿರಲಿಲ್ಲ. ಒಬ್ಬನೇ ದೇವರೆಂದು ದಿನದಿನವೂ ಹೇಳುತ್ತಾ ಬೆಳೆದ ಯೆಹೂದ್ಯನು ಅವನು. ಆದುದರಿಂದ ಅವನ ಬಾಯಿಂದ ಬಂದ ಮಾತಿಗೆ ತೂಕವುಂಟು. ಮತ್ತೆ ಹೊಯ್ಸಳರ ಕಾಲದಲ್ಲಿ, ೧೨೨೪ರ ಸುಮಾರಿಗೆ ಕಟ್ಟಿದ ಹರಿಹರದ ಗುಡಿಯನ್ನು ಕಂಡಿರುವ ಹುಡುಗಿಯರು, ಒಂದೇ ವಿಗ್ರಹದಲ್ಲಿ ಅರ್ಧ ಹರಿ, ಅರ್ಧ ಹರನು ಇರುವಂತೆ ಯೇಸುವೂ ಅರ್ಧ ದೇವರು, ಅರ್ಧ ಮನುಷ್ಯನೋ ಎಂದು ಕೇಳುವದುಂಟು. ಒಳ್ಳೆಯ ಪ್ರಶ್ನೆಯೇ. ಆದರೆ ೪೫೧ರಲ್ಲಿ ಕಲ್ಕೆದೋನದ ಮಹಾಸಭೆಯು ಅರ್ಧವೆಂಬದನ್ನು ಒಪ್ಪಲಿಲ್ಲ. ಪೂರ್ಣ ದೇವರು, ಪೂರ್ಣ ಮನುಷ್ಯ ಎಂದಿತು. ತಂದೆಯು ದೊಡ್ಡವನೆಂಬ ವಚನವನ್ನೂ ತೋಮನ ಮಾತನ್ನೂ ಎರಡನ್ನೂ ಬಿಡದೆ ಹಿಡಿದುಕೊಂಡವರಿಗೆ ಬೇರೆ ದಾರಿಯಿರಲಿಲ್ಲ.

ದೇವತ್ವದ ಸಿದ್ಧಾಂತವನ್ನು ೩೨೫ರಲ್ಲಿ ನಿಕೇಯದಲ್ಲಿ ಬಿಷಪರು ಹೊಸದಾಗಿ ಹುಟ್ಟಿಸಿದರೆಂದು ಹೇಳುವವರೂ ಉಂಟು. ಮಗನು ಇಲ್ಲದಿದ್ದ ಕಾಲವೊಂದಿತ್ತೆಂದು ಆರಿಯಸನು ಬೋಧಿಸಿದ್ದರಿಂದ ಆ ಸಭೆ ಕೂಡಿತು. ಮಗನು ತಂದೆಯೊಡನೆ ಏಕಸತ್ತ್ವನೆಂದು ಸಭೆಯು ಹೇಳಿತು. ಆ ಪದವು ಸತ್ಯವೇದದಲ್ಲಿ ಇಲ್ಲವೆಂಬದು ನಿಜ. ಅದನ್ನು ಒಪ್ಪಿಕೊಳ್ಳಲು ನಾಚಬೇಕಾಗಿಲ್ಲ. ಆದರೆ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯು ನಿಕೇಯಕ್ಕಿಂತ ಇನ್ನೂರೈವತ್ತು ವರುಷಗಳಿಗೂ ಹಿಂದಿನದು. ಪದವು ಹೊಸದು, ಆರಾಧನೆಯು ಹಳೆಯದು. ೨೦೨೫ರಲ್ಲಿ ಆ ಸಭೆಗೆ ಸಾವಿರದೇಳುನೂರು ವರುಷಗಳು ತುಂಬಿದವು. ಪ್ರಶ್ನೆಯಾದರೋ ಇನ್ನೂ ತೀರಿಲ್ಲ. ತೀರಲಿಲ್ಲವೆಂದು ನಾವು ಹೆದರುವದೂ ಇಲ್ಲ.

ಇನ್ನು ಶಾಲೆಯ ಮಾತು. ನಮ್ಮಲ್ಲಿಗೆ ಮಕ್ಕಳನ್ನು ಕಳುಹಿಸುವವರಲ್ಲಿ ಲಿಂಗಾಯತರು, ಮುಸಲ್ಮಾನರು, ಬಂಜಾರರು ಮುಂತಾದ ಎಲ್ಲಾ ಜನರೂ ಇದ್ದಾರೆ. ಸರಕಾರದ ಮಾನ್ಯತೆಯನ್ನಾಗಲಿ ಸಹಾಯಧನವನ್ನಾಗಲಿ ಪಡೆದ ಶಾಲೆಯು, ಪೋಷಕರ ಒಪ್ಪಿಗೆಯಿಲ್ಲದೆ ಎಳೆಯ ಮಕ್ಕಳನ್ನು ಮತಬೋಧೆಯ ತರಗತಿಯಲ್ಲಿ ಕೂಡಿಸಬಾರದೆಂದು ಭಾರತ ಸಂವಿಧಾನದ ೨೮ನೆಯ ಅನುಚ್ಛೇದವು ಹೇಳುತ್ತದೆ. ಈ ಕಟ್ಟಳೆಯು ನಮಗೆ ಭಾರವಲ್ಲ. ಒತ್ತಾಯದಿಂದ ಕರ್ತನೆಂದು ಹೇಳಿಸಿದ ನಾಲಿಗೆಯಿಂದ ಕರ್ತನಿಗೇನು ಘನತೆ? ಯೇಸುವಿನ ದೇವತ್ವವನ್ನು ಒಪ್ಪದವರ ಮಕ್ಕಳಿಗೂ ಮನಸ್ಸಾಕ್ಷಿಯುಂಟು. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಮೂವರು ಮಕ್ಕಳು, ಅವರಲ್ಲಿ ಇಬ್ಬರು ಹುಡುಗಿಯರು, ರಾಷ್ಟ್ರಗೀತೆಯ ಕಾಲದಲ್ಲಿ ಮರ್ಯಾದೆಯಿಂದ ಎದ್ದು ನಿಂತರೂ ಹಾಡಲಿಲ್ಲವೆಂದು ೧೯೮೫ರಲ್ಲಿ ಶಾಲೆಯಿಂದ ಹೊರಗೆ ಹಾಕಲ್ಪಟ್ಟರು. ಅವರನ್ನು ತಿರಿಗಿ ಸೇರಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು ೧೯೮೬ರಲ್ಲಿ ತೀರ್ಪುಕೊಟ್ಟಿತು. ಅವರ ಉಪದೇಶವನ್ನು ನಾವು ಒಪ್ಪುವದಿಲ್ಲ; ಆ ತೀರ್ಪನ್ನು ಪೂರ್ಣಮನಸ್ಸಿನಿಂದ ಒಪ್ಪುತ್ತೇವೆ.

ಹಳೆಯ ವಿದ್ಯಾರ್ಥಿನಿಯರಿಗೆ ನಮ್ಮ ಬುದ್ಧಿಮಾತು ಇಷ್ಟೇ. ಯಾರಾದರೂ ಬಂದು ಒಂದು ವಚನವನ್ನು ತೋರಿಸಿದರೆ, ಅವರನ್ನು ಕೂರಿಸಿ, ನೀರು ಕೊಟ್ಟು, ಆ ಅಧ್ಯಾಯವನ್ನು ಮೊದಲಿನಿಂದ ಕಡೆಯ ವರೆಗೆ ಅವರೊಡನೆ ಓದಿರಿ. ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳಿ, ವಿಚಾರಿಸಿ ತಿಳಿದುಕೊಳ್ಳಿರಿ. ವಾದದಲ್ಲಿ ಗೆದ್ದು ತಂಗಿಯನ್ನು ಕಳೆದುಕೊಳ್ಳಬೇಡಿರಿ. ದೇವರ ಸ್ವರೂಪದಲ್ಲಿದ್ದವನು ದಾಸನ ರೂಪವನ್ನು ಧರಿಸಿ ತನ್ನನ್ನು ತಗ್ಗಿಸಿಕೊಂಡನೆಂದು ಪೌಲನು ಹೇಳಿದ್ದು, ಫಿಲಿಪ್ಪಿಯ ಸಭೆಯವರು ಒಬ್ಬರೊಡನೊಬ್ಬರು ಕಚ್ಚಾಡದೆ ಏಕಮನಸ್ಸಿನಿಂದ ಇರಬೇಕೆಂಬ ಬುದ್ಧಿವಾದದ ನಡುವೆಯೇ. ಆತನ ದೇವತ್ವಕ್ಕಾಗಿ ವಾದಿಸುವವರಲ್ಲಿ ಆ ತಗ್ಗುವಿಕೆಯು ಕಾಣದೆ ಹೋದರೆ, ಕೇಳುವವರು ನಮ್ಮ ಮಾತನ್ನು ಯಾಕೆ ನಂಬಬೇಕು?

ದೇವರು ತಮ್ಮೆಲ್ಲರ ಮನೆಗಳನ್ನು ಸಮಾಧಾನದಲ್ಲಿ ಕಾಪಾಡಲಿ.