ಉಳ್ಳಾಲಕ್ಕೆ ಹೋದವರು ರಾಣಿ ಅಬ್ಬಕ್ಕನನ್ನೂ ನೋಡಿ ಬನ್ನಿ

ನಮ್ಮ ಮದ್ರಸಗಳಿಂದ ಮಕ್ಕಳನ್ನು ಉಳ್ಳಾಲಕ್ಕೆ ಕರೆದುಕೊಂಡು ಹೋಗುವುದು ಹೊಸತಲ್ಲ. ಸಯ್ಯಿದ್ ಮದನಿ ದರ್ಗಾದಲ್ಲಿ ಝಿಯಾರತ್, ನಂತರ ಸಮುದ್ರ ಬದಿಯಲ್ಲಿ ಒಂದು ಗಂಟೆ ಆಟ, ಚರುಮುರಿ, ಐಸ್‌ಕ್ರೀಂ. ಮಗ್ರಿಬ್‌ಗೆ ಮೊದಲು ಮನೆ. ದಾರಿಯಲ್ಲಿ ರಾಣಿ ಅಬ್ಬಕ್ಕನ ಪ್ರತಿಮೆ ಉಂಟು. ಬಸ್ಸಿನ ಕಿಟಕಿಯಿಂದ ಎಲ್ಲರೂ ನೋಡುತ್ತಾರೆ, ಯಾರೂ ಇಳಿಯುವುದಿಲ್ಲ. ನಾನೂ ಎಷ್ಟೋ ವರ್ಷ ಹಾಗೆಯೇ ಹೋಗಿ ಬಂದವನು.

ಈ ಸಲ ಆದಿತ್ಯವಾರ ಹೋದಾಗ ಬಸ್ಸು ನಿಲ್ಲಿಸಿ ಮಕ್ಕಳನ್ನು ಇಳಿಸಿದೆ. ಅರ್ಧ ಗಂಟೆ ಅಲ್ಲಿದ್ದು ನನಗೆ ಗೊತ್ತಿದ್ದಷ್ಟು ಹೇಳಿದೆ. ಐದನೇ ತರಗತಿಯ ಹುಡುಗನೊಬ್ಬ ಕೇಳಿದ, "ಉಸ್ತಾದ್, ಆಗ ನಮ್ಮವರು ಇಲ್ಲಿ ಇದ್ದರಾ?" ಆ ಪ್ರಶ್ನೆ ನನ್ನನ್ನು ಬಿಟ್ಟು ಹೋಗಲಿಲ್ಲ. ಈ ಮಣ್ಣಿನಲ್ಲಿ ಹುಟ್ಟಿದ ಮಗುವಿಗೆ ತನ್ನವರು ಇಲ್ಲಿ ಇದ್ದರೋ ಇಲ್ಲವೋ ಎಂಬ ಸಂಶಯ ಯಾಕೆ ಬರಬೇಕು?

ಊರಿಗೆ ಬಂದ ಮೇಲೆ ಜಮಾಅತಿನ ಹಿರಿಯರೊಬ್ಬರು ಕೇಳಿದರು, "ಉಸ್ತಾದರೇ, ಮದ್ರಸದ ಮಕ್ಕಳನ್ನು ಪ್ರತಿಮೆಯ ಎದುರು ಎಂತಕ್ಕೆ ನಿಲ್ಲಿಸಿದ್ದು?" ಅವರ ಕಾಳಜಿ ತಪ್ಪಲ್ಲ. ಪ್ರತಿಮೆಗೆ ತಲೆಬಾಗುವುದು, ಹೂ ಹಾಕುವುದು ನಮ್ಮಲ್ಲಿ ಇಲ್ಲ, ಅದರಲ್ಲಿ ರಾಜಿಯೂ ಇಲ್ಲ. ನಾವು ಅದನ್ನು ಮಾಡಲೂ ಇಲ್ಲ. ಆದರೆ ಆರಾಧಿಸುವುದು ಬೇರೆ, ನಿಂತು ತಿಳಿದುಕೊಳ್ಳುವುದು ಬೇರೆ. ಭೂಮಿಯಲ್ಲಿ ಸಂಚರಿಸಿ ಹಿಂದಿನವರು ಏನಾದರು ಎಂದು ನೋಡಿರಿ ಎಂದು ಕುರ್‌ಆನ್ ಹಲವು ಕಡೆ ಹೇಳುತ್ತದೆ. ಮನೆ ಬಾಗಿಲಿನಲ್ಲೇ ಇರುವ ಚರಿತ್ರೆಗೆ ಕಣ್ಣು ಮುಚ್ಚಿದರೆ ಆ ಮಾತಿಗೆ ಎಂತ ಬೆಲೆ ಕೊಟ್ಟ ಹಾಗಾಯಿತು?

ಅಬ್ಬಕ್ಕ ಜೈನ ಮನೆತನವಾದ ಚೌಟರ ರಾಣಿ. ಅಳಿಯಸಂತಾನದ ಕಟ್ಟಿನಂತೆ ಮಾವ ತಿರುಮಲರಾಯರಿಂದ ಉಳ್ಳಾಲದ ಆಳ್ವಿಕೆ ಅವಳಿಗೆ ಬಂತು. ಅದು 16ನೇ ಶತಮಾನ. ಪೋರ್ಚುಗೀಸರು ಕರಾವಳಿಯ ಸಮುದ್ರವೇ ತಮ್ಮದು ಎನ್ನುತ್ತಿದ್ದ ಕಾಲ. ಅವರ ಪರವಾನಗಿ ಚೀಟಿ ಇಲ್ಲದ ಹಡಗನ್ನು ಹಿಡಿಯುತ್ತಿದ್ದರು, ಸುಡುತ್ತಿದ್ದರು. ಅಕ್ಕಿ, ಕರಿಮೆಣಸು ಹೊತ್ತು ಅರಬ್ ನಾಡಿಗೆ ಹೋಗುತ್ತಿದ್ದ ವ್ಯಾಪಾರಕ್ಕೆ ಇದು ಕುತ್ತಿಗೆ ಹಿಸುಕಿದಂತೆ. ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂದದ್ದು ಎನ್ನುತ್ತಾರೆ. ಹಾಗಾಗಿ ಅಬ್ಬಕ್ಕ ಕಪ್ಪ ಕೊಡುವುದಿಲ್ಲ ಎಂದದ್ದು ನಮ್ಮ ಹಿರಿಯರ ಅನ್ನದ ವಿಷಯವೂ ಆಗಿತ್ತು. ಅವಳ ಸೈನ್ಯದಲ್ಲಿ ಮೊಗವೀರರೂ ಬ್ಯಾರಿಗಳೂ ಇದ್ದರು. 1568ರಲ್ಲಿ ಪೋರ್ಚುಗೀಸರು ಉಳ್ಳಾಲಕ್ಕೆ ನುಗ್ಗಿದಾಗ ರಾಣಿ ಒಂದು ಮಸೀದಿಯಲ್ಲಿ ಆಶ್ರಯ ಪಡೆದು, ಅದೇ ರಾತ್ರಿ ತಿರುಗಿ ಬಿದ್ದಳು ಎಂದು ಊರವರು ಇವತ್ತಿಗೂ ಹೇಳುತ್ತಾರೆ. ಕಲ್ಲಿಕೋಟೆಯ ಸಾಮೂದಿರಿಯ ನೌಕಾ ನಾಯಕ ಕುಟ್ಟಿ ಪೋಕರ್ ಮಂಗಳೂರಿನ ಪೋರ್ಚುಗೀಸ್ ಕೋಟೆಗೆ ದಾಳಿ ಮಾಡಿ, ಹಿಂದಿರುಗುವಾಗ ಸಮುದ್ರದಲ್ಲೇ ಪ್ರಾಣ ಕೊಟ್ಟ.

ದರ್ಸ್‌ನಲ್ಲಿ ಓದಿದವರಿಗೆ ಫತ್‌ಹುಲ್ ಮುಈನ್ ಗೊತ್ತಿಲ್ಲದೆ ಇಲ್ಲ. ಅದನ್ನು ಬರೆದ ಪೊನ್ನಾನಿಯ ಝೈನುದ್ದೀನ್ ಮಖ್ದೂಮರೇ ಅದೇ ಶತಮಾನದಲ್ಲಿ ತುಹ್ಫತುಲ್ ಮುಜಾಹಿದೀನ್ ಎಂಬ ಅರಬಿ ಗ್ರಂಥ ಬರೆದು, ಪೋರ್ಚುಗೀಸರು ಈ ಕರಾವಳಿಯಲ್ಲಿ ಮಾಡಿದ ಅನ್ಯಾಯವನ್ನು ದಾಖಲಿಸಿದರು. ಮುಸ್ಲಿಮರ ಜೊತೆ ನಿಂತ ಹಿಂದೂ ದೊರೆ ಸಾಮೂದಿರಿಯನ್ನು ಅದರಲ್ಲಿ ಹೊಗಳಿದ್ದಾರೆ. ನಾವು ಅವರ ಫಿಕ್ಹ್ ಓದಿದೆವು, ಚರಿತ್ರೆಯನ್ನು ಕಪಾಟಿನಲ್ಲಿ ಇಟ್ಟೆವು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಅಬ್ಬಕ್ಕನನ್ನು 'ನಮ್ಮವಳು' ಮಾಡಿಕೊಳ್ಳಲು ಇಲ್ಲದ ಕಥೆ ಸೇರಿಸಬಾರದು. ಬೇರೆಯವರು ನಮ್ಮನ್ನು ಆ ಕಥೆಯಿಂದ ತೆಗೆದು ಹಾಕಿದರೆ ನಮಗೆ ನೋವಾಗುತ್ತದೆ. ಹಾಗೆಯೇ ನಾವೂ ಮೊಗವೀರರನ್ನು, ಜೈನರನ್ನು ಬಿಟ್ಟು ಹೇಳಬಾರದು. ಸುಳ್ಳು ಸಾಕ್ಷಿ ದೊಡ್ಡ ಪಾಪ ಎಂದು ಮಕ್ಕಳಿಗೆ ಕಲಿಸುವವರು ನಾವು. ಚರಿತ್ರೆಗೂ ಅದೇ ನಿಯಮ.

ಇಟಲಿಯ ಪ್ರವಾಸಿ ಪಿಯತ್ರೊ ದೆಲ್ಲಾ ವಾಲೆ 1623ರಲ್ಲಿ ಈ ಕಡೆ ಬಂದಾಗ ಉಳ್ಳಾಲದ ರಾಣಿಯನ್ನು ಕಂಡ. ಅಬ್ಬಕ್ಕ ಎಂಬ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಇದ್ದರು ಎನ್ನುತ್ತಾರೆ, ಇವಳು ನಂತರದವಳು ಇರಬೇಕು. ಅವಳು ಬರಿಗಾಲಿನಲ್ಲಿ, ಸಾದಾ ಬಟ್ಟೆಯಲ್ಲಿ, ಗದ್ದೆಗೆ ನೀರು ಹಾಯಿಸುವ ಕಾಲುವೆಯ ಕೆಲಸ ನೋಡಲು ಹೊರಟಿದ್ದಳಂತೆ. ನಮ್ಮ ಹೆಣ್ಣುಮಕ್ಕಳಿಗೆ ಕತ್ತಿಯ ಕಥೆಯ ಜೊತೆಗೆ ಇದನ್ನೂ ಹೇಳಬೇಕು.

ಮದ್ರಸ ಕಮಿಟಿಯವರಲ್ಲಿ, ಪೋಷಕರಲ್ಲಿ ಒಂದು ವಿನಂತಿ. ಮುಂದಿನ ಸಲ ಉಳ್ಳಾಲಕ್ಕೆ ಹೋದಾಗ ಝಿಯಾರತ್ ಮುಗಿಸಿ ಅರ್ಧ ಗಂಟೆ ಪ್ರತಿಮೆಯ ಹತ್ತಿರ ನಿಲ್ಲಿ. ಸಮಯ ಇದ್ದರೆ ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರಕ್ಕೂ ಮಕ್ಕಳನ್ನು ಕರೆದುಕೊಂಡು ಹೋಗಿ. ಅವರು ಪ್ರಶ್ನೆ ಕೇಳಲಿ. ಆ ಹುಡುಗನಿಗೆ ನಾನು ಕೊಟ್ಟ ಉತ್ತರ ಇಷ್ಟೇ: "ಇದ್ದರು ಮಗಾ. ಒಬ್ಬರೇ ಅಲ್ಲ, ಎಲ್ಲರ ಜೊತೆ ಇದ್ದರು."