ಗಾಜಿನ ಪೆಟ್ಟಿಗೆಯಲ್ಲಿ ಧ್ವನಿ ಇಡಲಾದೀತೆ?

ಒಂದು ಮೊಟ್ಟೆ ಬೇಯುವಷ್ಟರಲ್ಲಿ ಓದಿ ಮುಗಿಸಬಹುದಾದ ಕಥೆಗಳನ್ನು ಬರೆದವನೊಬ್ಬ ಹಂಗೇರಿಯಲ್ಲಿದ್ದ. ಇಶ್ತ್ವಾನ್ ಓರ್ಕೇನಿ (1912-1979) ಎಂದು ಹೆಸರು. ಔಷಧಶಾಸ್ತ್ರ ಓದಿದವನು. ಎರಡನೆಯ ಮಹಾಯುದ್ಧದಲ್ಲಿ ರಷ್ಯನ್ನರ ಸೆರೆಯಾಳಾದ. 1956ರ ದಂಗೆಯ ನಂತರ ಕೆಲವು ವರ್ಷ ಅವನ ಬರಹ ಅಚ್ಚಾಗದಂತೆ ಅಲ್ಲಿನ ಸರ್ಕಾರ ತಡೆಯಿತು. ಆಗ ಔಷಧ ಕಾರ್ಖಾನೆಯಲ್ಲಿ ದುಡಿದು ಹೊಟ್ಟೆ ಹೊರೆದ. ಅಂಥವನನ್ನು ಈಗ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನ ಏರ್ಪಡಿಸಿ ಕೊಂಡಾಡುತ್ತಾರೆ.

ಈ ಸಂಗತಿಯನ್ನು ಶಿಕ್ಷಕರ ಕೋಣೆಯಲ್ಲಿ ಹೇಳಿದಾಗ ಸಹೋದ್ಯೋಗಿಯೊಬ್ಬರು ನಕ್ಕುಬಿಟ್ಟರು. "ಅಕ್ಕೋರ, ನಮ್ಮ ಗೋಕಾವಿಗೂ ಆ ಹಂಗೇರಿಗೂ ಏನ್ರೀ ಸಂಬಂಧ?"

ಸಂಬಂಧ ಇದೆ. ಓರ್ಕೇನಿಯ 'ಟೋತ್ ಕುಟುಂಬ' ನಾಟಕದ ಕಥೆ ಕೇಳಿ. ಮಗ ಯುದ್ಧಕ್ಕೆ ಹೋಗಿದ್ದಾನೆ. ಅವನ ಮೇಲಧಿಕಾರಿ ವಿಶ್ರಾಂತಿಗೆಂದು ಇವರ ಹಳ್ಳಿಮನೆಗೆ ಬಂದು ತಳವೂರುತ್ತಾನೆ. ಅವನನ್ನು ಸಂತೋಷಪಡಿಸಿದರೆ ಮಗನಿಗೆ ಒಳ್ಳೆಯದಾದೀತೆಂದು ತಂದೆ, ತಾಯಿ, ಮಗಳು ರಾತ್ರಿಯೆಲ್ಲ ನಿದ್ದೆಗೆಟ್ಟು ರಟ್ಟಿನ ಡಬ್ಬಿ ಮಡಿಸುತ್ತಾರೆ. ಮಗ ಆಗಲೇ ಸತ್ತಿದ್ದಾನೆ. ಆ ಸುದ್ದಿಯನ್ನು ಅಂಚೆಯವನು ಮುಚ್ಚಿಟ್ಟಿದ್ದಾನೆ.

ವಿಮರ್ಶಕರು ಇದನ್ನು ಅಸಂಗತ ಎನ್ನುತ್ತಾರೆ. ಗೆಳತಿಯರೇ, ನಮಗಿದು ಅಸಂಗತವೇ? ಮಗಳ ಬಾಳು ನೆಟ್ಟಗಿರಲಿ ಎಂದು ಬೀಗರ ಒಂದೊಂದು ಮಾತಿಗೂ ತಲೆಯಾಡಿಸಿದ ತಾಯಂದಿರು ನಾವು. ಆ ಡಬ್ಬಿ ಮಡಿಸುವ ಕೆಲಸ ನಮ್ಮ ಕೈಗೆ ಚೆನ್ನಾಗಿ ಗೊತ್ತು.

'ಅಸಂಗತ ಸಾಹಿತ್ಯ ಪಾಶ್ಚಾತ್ಯರದು, ಹೆಣ್ಣುಮಕ್ಕಳಿಗೆ ತಿಳಿಯದು' ಎನ್ನುವ ಪಂಡಿತರಿಗೆ ಹುಕ್ಕೇರಿ ತಾಲೂಕಿನ ಘೋಡಗೇರಿಯನ್ನು ತೋರಿಸಬೇಕು. 1937ರಲ್ಲಿ ಚಂದ್ರಶೇಖರ ಕಂಬಾರರು ಹುಟ್ಟಿದ ಊರದು. 1972ರ ಅವರ 'ಜೋಕುಮಾರಸ್ವಾಮಿ' ನಾಟಕದಲ್ಲಿ ಮಕ್ಕಳಿಲ್ಲದ ಗೌಡತಿ ಜೋಕುಮಾರನ ಹೆಸರಿನ ಪಡವಲಕಾಯಿಯ ಅಡಿಗೆ ಮಾಡುತ್ತಾಳೆ. ಗಂಡನಿಗೆಂದು ಮಾಡಿದ ಅಡಿಗೆಯನ್ನು ಬಸಣ್ಣ ಉಣ್ಣುತ್ತಾನೆ. ನಗು ಬರುತ್ತದೆ, ಹಿಂದೆಯೇ ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ. ಇದಕ್ಕೆ ಯಾವ ಪಾಶ್ಚಾತ್ಯ ಪಾಠ ಬೇಕಿತ್ತು?

ಆದರೆ ನಮ್ಮ ಗೌರವದ ರೀತಿ ನೋಡಿ. ಹಾರ, ಶಾಲು, ವೃತ್ತಕ್ಕೊಂದು ಹೆಸರು, ಜಯಂತಿಗೊಂದು ಭಾಷಣ. ಗೋಕಾಕ ತಾಲೂಕಿನವರೇ ಆದ ಆನಂದಕಂದ ಬೆಟಗೇರಿ ಕೃಷ್ಣಶರ್ಮರಿಗೂ, 1980ರ ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಬಸವರಾಜ ಕಟ್ಟೀಮನಿಯವರಿಗೂ ಸಲ್ಲುವ ಮರ್ಯಾದೆ ಇಷ್ಟೇ. ಭಾಷಣ ಮುಗಿದ ಮೇಲೆ ಅವರ ಒಂದು ಪುಟ ಓದಿದವರೆಷ್ಟು ಜನ? ತರಗತಿಯಲ್ಲಿ ಘೋಡಗೇರಿ ಯಾರ ಊರು ಎಂದು ಕೇಳಿದೆ. "ನಮ್ಮ ಅಜ್ಜಿ ಊರ್ರೀ ಅಕ್ಕೋರ" ಎಂದಳು ಒಬ್ಬ ಹುಡುಗಿ. ಜ್ಞಾನಪೀಠ ಪಡೆದವರ ಊರೂ ಅದೇ ಎಂಬುದು ಅವಳಿಗೆ ಯಾರೂ ಹೇಳಿರಲಿಲ್ಲ. ತಪ್ಪು ಅವಳದಲ್ಲ, ನನ್ನಂಥವರದು.

ಹಾಗಾದರೆ ನಮ್ಮೂರಲ್ಲೂ ಒಂದು ವಸ್ತುಸಂಗ್ರಹಾಲಯ ಕಟ್ಟೋಣವೇ? ಕಟ್ಟೋಣ. ರಸ್ತೆ, ನೀರು ಮೊದಲು ಎನ್ನುವವರಿದ್ದಾರೆ. ಅವೂ ಬೇಕು, ಒಪ್ಪಿದೆ. ಆದರೆ ಪ್ರತಿಮೆಗೆ ದುಡ್ಡು ಕೂಡಿಸುವಾಗ ಈ ಮಾತು ಯಾರ ಬಾಯಲ್ಲೂ ಬರುವುದಿಲ್ಲವಲ್ಲ!

ನನ್ನ ತಕರಾರು ಬೇರೆ. ವಸ್ತುಸಂಗ್ರಹಾಲಯವೆಂದರೆ ಕನ್ನಡಕ, ಪೆನ್ನು, ಊರುಗೋಲು ಎಂದೇ ನಮ್ಮ ತಿಳುವಳಿಕೆ. ಆ ಲೆಕ್ಕದಲ್ಲಿ ಕೌಜಲಗಿ ನಿಂಗಮ್ಮನ ಪಾಲಿಗೆ ಏನು ಬರುತ್ತದೆ? ಕೌಜಲಗಿಯ ಈ ಹೆಣ್ಣುಮಗಳು ಶ್ರೀಕೃಷ್ಣ ಪಾರಿಜಾತದ ಹೆಸರಾಂತ ಕಲಾವಿದೆ. ಅದೇ ಭಾಗದ ಕುಲಗೋಡ ತಮ್ಮಣ್ಣನ ಹೆಸರೂ ಪಾರಿಜಾತದ ಜೊತೆಗೇ ಬರುತ್ತದೆ. ಆಕೆಯ ಆಸ್ತಿ ಕಾಗದವಲ್ಲ, ಕಂಠ. ಬರೆದಿಟ್ಟವರ ವಸ್ತು ಉಳಿಯುತ್ತದೆ, ಹಾಡಿದವರದು ಗಾಳಿಗೆ ಹೋಗುತ್ತದೆ. ಹಾಡಿದವರಲ್ಲಿ, ಬೀಸುವ ಕಲ್ಲಿನ ಮುಂದೆ ಪದ ಕಟ್ಟಿದವರಲ್ಲಿ ಹೆಂಗಸರೇ ಹೆಚ್ಚು. ಅವರನ್ನು ಬಿಟ್ಟು ಕಟ್ಟಿದ ವಸ್ತುಸಂಗ್ರಹಾಲಯ ಅರ್ಧ ಮನೆ.

ಅದಕ್ಕೇ ಹೇಳುತ್ತೇನೆ, ಪ್ರದರ್ಶನ ಬೇಕು, ಆದರೆ ಓದುವ ಮತ್ತು ಕೇಳುವ ಪ್ರದರ್ಶನ ಬೇಕು. ಗೋಕಾಕ, ಹುಕ್ಕೇರಿ, ಮೂಡಲಗಿ ಬಸ್ ನಿಲ್ದಾಣಗಳ ಗೋಡೆಗೆ ಈ ಲೇಖಕರ ಒಂದೊಂದು ಪುಟವನ್ನು ದೊಡ್ಡ ಅಕ್ಷರದಲ್ಲಿ ಹಾಕಲಿ. ಗುಟಕಾ ಜಾಹೀರಾತು ಓದುತ್ತ ನಿಲ್ಲುವ ನಾವು ಅದನ್ನೂ ಓದುತ್ತೇವೆ. ಪಾರಿಜಾತದ ಪದ ಬಲ್ಲ ಮುದುಕಿಯರು ಇನ್ನೂ ಇರುವಾಗಲೇ ಅವರ ದನಿಯನ್ನು ಮುದ್ರಿಸಿಡಲಿ.

ಸರ್ಕಾರ ಮಾಡುವವರೆಗೆ ಕೈಕಟ್ಟಿ ಕೂಡಬೇಕಿಲ್ಲ. ಬರುವ ಶನಿವಾರ ನಮ್ಮ ಶಾಲೆಯ ಗೋಡೆಗೆ ಕಂಬಾರರ ಒಂದು ಪುಟ ಅಂಟಿಸಲಿದ್ದೇನೆ. ಅಜ್ಜಿಯ ಊರಿನ ಆ ಹುಡುಗಿಯೇ ಅದನ್ನು ಗಟ್ಟಿಯಾಗಿ ಓದಬೇಕು. ಅಜ್ಜಿಗೆ ಬರುವ ಒಂದು ಪದವನ್ನೂ ಬರೆದುಕೊಂಡು ಬಾ ಎಂದು ಅವಳಿಗೆ ಹೇಳಿದ್ದೇನೆ. ನಿಮ್ಮ ಮನೆಯ ಅಜ್ಜಿಯನ್ನು ನೀವು ಕೇಳಿದ್ದೀರಾ?