ಫಲಿತಾಂಶದ ಭಯಕ್ಕೆ ಈ ಮಕ್ಕಳು ಬಲಿಯೇ?



ಹತ್ತನೇ ತರಗತಿ ಹತ್ತಿರವಾಗುತ್ತಿದ್ದಂತೆ ನನ್ನ ಮಗನ ಪ್ರೌಢಶಾಲೆಯವರು, ‘ಅವನನ್ನು ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿಸಿ’ ಎಂದರು. ಅವನಿಗೆ ಆಟಿಸಂ ಇದೆ. ಶಾಲೆಯ ಶೇ 100 ಫಲಿತಾಂಶ ಕೆಡಬಾರದೆಂಬುದೇ ಕಾರಣ.

ಹುಡುಗ ಲೆಕ್ಕದಲ್ಲಿ ಚುರುಕು. ಆದರೆ ಬೆಂಚು ಎಳೆದ ಕರ್ಕಶ ಸದ್ದಿಗೆ ಎರಡೂ ಕಿವಿ ಮುಚ್ಚಿ ಮುದುರಿ ಕೂರುತ್ತಾನೆ. ಸಹಪಾಠಿಗಳು ಬೇಕೆಂದೇ ಪಕ್ಕದಲ್ಲಿ ಬೆಂಚು ಎಳೆದು ನಗುತ್ತಾರೆ. ದೂರು ಕೊಟ್ಟರೆ ಹಿಂದಿನ ಸಾಲಿಗೆ ಕಳಿಸಿದ್ದು ಅವರನ್ನಲ್ಲ, ಇವನನ್ನು! ಕಲಿಕೆಯಲ್ಲಿ ಹಿಂದುಳಿದ ಇನ್ನಿಬ್ಬರೂ ಅಲ್ಲೇ ಕೂರುತ್ತಾರೆ. ಅವರ ನೋಟ್ಸ್ ನೋಡುವವರೂ ಇಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಂಡು ಎಲ್ಲರೊಂದಿಗೆ ಕಲಿಸಬೇಕೆಂದು ಅದರ 16ನೇ ಸೆಕ್ಷನ್ ಹೇಳುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಬರೆಯಲು ಸಹಾಯಕರು, ಹೆಚ್ಚುವರಿ ಸಮಯದ ಸೌಲಭ್ಯವೂ ಇದೆ. ಆದರೆ ಅರ್ಜಿ ಹೋಗಬೇಕಾದ್ದು ಶಾಲೆಯ ಮೂಲಕ. ಮಗುವೇ ಬೇಡವೆನ್ನುವ ಶಾಲೆ ಅರ್ಜಿ ಕಳಿಸೀತೇ? ಇಂಥ ಮಕ್ಕಳಿಗೆ ನೆರವಾಗಬೇಕಾದ ಬ್ಲಾಕ್ ಮಟ್ಟದ ವಿಶೇಷ ಸಂಪನ್ಮೂಲ ಶಿಕ್ಷಕರೋ ಊರೂರು ಸುತ್ತುವವರು. ದಿನವೂ ತರಗತಿಯಲ್ಲಿರುವುದು ವಿಷಯ ಶಿಕ್ಷಕರೇ. ತರಬೇತಿ ಮೊದಲು ಅವರಿಗೆ ಬೇಕು.

ಶಾಲೆಯ ಫಲಿತಾಂಶವನ್ನು ಅಳೆಯುವಾಗ ಈ ಮಕ್ಕಳನ್ನು ಪ್ರತ್ಯೇಕವಾಗಿ ಪರಿಗಣಿಸಿದರೆ ಅವರನ್ನು ಹೊರದಬ್ಬುವ ಒತ್ತಡ ತಗ್ಗುತ್ತದೆ. ಪರೀಕ್ಷಾ ರಿಯಾಯಿತಿಯ ಮಾಹಿತಿಯನ್ನು ಒಂಬತ್ತನೇ ತರಗತಿಯ ಆರಂಭದಲ್ಲೇ ಪೋಷಕರಿಗೆ ಲಿಖಿತವಾಗಿ ಕೊಡುವಂತೆ ಶಿಕ್ಷಣ ಇಲಾಖೆ ಎಲ್ಲ ಶಾಲೆಗಳಿಗೂ ಸುತ್ತೋಲೆ ಹೊರಡಿಸಲಿ.

– ನೊಂದ ತಾಯಿ, ದಾವಣಗೆರೆ